ವಿಜ್ಞಾನಶಾಲೆಯೂ ಕಡೂರು ಸೀಮೆಯೂ

ಶಾಸ್ತ್ರಗ್ರಂಥವೊಂದನ್ನು ಆರಂಭಿಸುವುದಕ್ಕೆ ಮುಂಚೆ ಅದರ ಅಧಿಕಾರಿ ಯಾರು, ವಿಷಯವೇನು, ಸಂಬಂಧವೆಂತಹುದು, ಪ್ರಯೋಜನವೇನು ಎಂಬ ನಾಲ್ಕು ಅಂಶಗಳನ್ನು ಸ್ಪಷ್ಟಪಡಿಸಬೇಕೆಂಬುದು ಪೂರ್ವಿಕರ ನಿಯಮ. ಇದಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಗ್ರಂಥಕ್ಕೆ ವಿಹಿತವಾದ ಈ ನಿಯಮವು ವಿದ್ಯಾಶಾಲೆಗೂ ಸಲ್ಲತಕ್ಕುದೇ ಆಗಿದೆ. ಅದರಲ್ಲಿಯೂ, ಬಂದವರೆಲ್ಲರಿಗೂ ಬಾಗಿಲು ತೆರೆಯದೆ, ಪರೀಕ್ಷಿಸಿ ಆರಿಸಿದವರನ್ನು ಮಾತ್ರವೇ ಒಳಗೆ ಸೇರಿಸಿಕೊಳ್ಳುವ ಶಾಲೆಯಾದರೆ, ಈ ನಾಲ್ಕು ಪ್ರಶ್ನೆಗಳಿಗೂ ಅದು ಉತ್ತರ ಹೇಳಲೇಬೇಕು. ಏಕೆಂದರೆ ಅಂತಹ ಶಾಲೆಗೆ ದ್ರವ್ಯವನ್ನು ಒದಗಿಸುವವರು ದೇಶದ ಸಮಸ್ತ ಪ್ರಜೆಗಳು. ಅದರಲ್ಲಿ ಕಲಿಯುವವರಾದರೋ ಕೆಲವರೇ ಮಕ್ಕಳು.

ಕನ್ನಡನಾಡಿನಲ್ಲಿ ವಿಜ್ಞಾನಕ್ಕೆಂದು ಆರಿಸಿದ ವಿದ್ಯಾರ್ಥಿಗಳನ್ನು ಒಂದೆಡೆ ಕೂಡಿಸಿ ಶಿಕ್ಷಣ ಕೊಟ್ಟ ಸಂಸ್ಥೆಗಳಲ್ಲಿ ಪ್ರಾಚೀನವೂ ಪ್ರಸಿದ್ಧವೂ ಆದುದು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಅದು ಹುಟ್ಟಿದುದು ಕಾಲೇಜಾಗಿ ಅಲ್ಲ, ಹೈಸ್ಕೂಲಾಗಿ. ಕಡೂರು, ತರೀಕೆರೆ, ಅಜ್ಜಂಪುರಗಳ ಹುಡುಗರಿಗೆ ಬಹುಕಾಲ ಉನ್ನತ ವಿಜ್ಞಾನವಿದ್ಯೆಯ ಹೆಬ್ಬಾಗಿಲು ಅದೇ ಆಗಿದ್ದಿತು. ಇಂದು ಅದೇ ಮಕ್ಕಳಿಗೆ ಮತ್ತೊಂದು ಆಯ್ಕೆಯ ಶಾಲೆ ತಮ್ಮ ಜಿಲ್ಲೆಯಲ್ಲಿಯೇ ದೊರೆತಿದೆ. ಈ ಎರಡರ ಚರಿತ್ರೆಯನ್ನು ಜೊತೆಗೂಡಿಸಿ ನೋಡಿದರೆ, ಒಂದರಿಂದ ಇನ್ನೊಂದು ಕಲಿಯಬೇಕಾದುದೇನೆಂಬುದು ತಿಳಿಯುತ್ತದೆ.

೧೮೩೧ರಿಂದ ೧೮೮೧ರವರೆಗೆ ಮೈಸೂರು ಸಂಸ್ಥಾನದ ಆಡಳಿತವು ಇಂಗ್ಲಿಷರ ಕಮಿಷನರ ಕೈಯಲ್ಲಿದ್ದಿತಷ್ಟೆ. ಆ ಕಾಲದ ಆದಿಯಲ್ಲಿ ಹಳ್ಳಿಗಳಲ್ಲಿ ಇದ್ದುವು ಕೂಲಿಮಠಗಳು. ಮರಳಿನ ಮೇಲೆ ಅಕ್ಷರ ತಿದ್ದಿಸುವುದು, ಮಗ್ಗಿ ಬಾಯಿಪಾಠ ಮಾಡಿಸುವುದು, ಜೈಮಿನಿಭಾರತವನ್ನೋ ಅಮರಕೋಶವನ್ನೋ ಹೇಳಿಸುವುದು, ಇಷ್ಟರಲ್ಲಿ ಅವುಗಳ ಕಾರ್ಯ ಮುಗಿಯುತ್ತಿದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೩ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ವಿದ್ಯೆಗಾಗಿ ಉಚಿತ ಶಾಲೆಯೊಂದನ್ನು ತೆರೆದರು. ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರ ಶಾಲೆ ನಡೆಯುತ್ತಿದ್ದಿತು. ೧೮೫೪ರಲ್ಲಿ ಸರ್ ಚಾರ್ಲ್ಸ್ ವುಡ್ಡನ ಹೆಸರಿನಿಂದ ಪ್ರಸಿದ್ಧವಾದ ನಿರೂಪವು ಇಂಗ್ಲೆಂಡಿನಿಂದ ಬಂದಿತು. ವಿದ್ಯಾಭ್ಯಾಸವನ್ನು ಸರ್ಕಾರವೇ ಕ್ರಮಪಡಿಸಬೇಕೆಂಬುದು ಅದರ ತಾತ್ಪರ್ಯ. ೧೮೫೭ರಲ್ಲಿ ಮದರಾಸಿನಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮಾರನೆಯ ವರ್ಷವೇ, ಎಂದರೆ ೧೮೫೮ರಲ್ಲಿ, ಬೆಂಗಳೂರು ಹೈಸ್ಕೂಲು ಹುಟ್ಟಿತು.

ಈ ಶಾಲೆಗೆ ಅಸ್ತಿಭಾರ ಹಾಕಿದವನು ಜಾನ್ ಗ್ಯಾರೆಟ್ ಎಂಬ ಪಾದ್ರಿ. ಈತನು ವೆಸ್ಲಿಯನ್ ಮಿಷನ್ನಿಗೆ ಸೇರಿದವನಾಗಿದ್ದರೂ ಈ ದೇಶದ ವಾಙ್ಮಯದಲ್ಲಿ ಆದರವುಳ್ಳವನು. ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಕೂಡಿಸಿ ೧೮೪೯ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವನು ಈತನೇ. ಗೀತೆಯನ್ನು ಮುದ್ರಿಸಿದ ಕೈಯೇ ನಾಡಿನ ಮೊದಲ ಸರ್ಕಾರೀ ಹೈಸ್ಕೂಲುಗಳಲ್ಲೊಂದನ್ನು ನಡೆಸಿತೆಂಬುದು ಸ್ಮರಣೀಯವಾದ ಸಂಗತಿ. ಮುಂದೆ ಈತನು ಸಂಸ್ಥಾನದ ವಿದ್ಯಾಭ್ಯಾಸದ ಇಲಾಖೆಗೇ ಮುಖ್ಯನಾದನು.

ಗ್ಯಾರೆಟ್ಟನ ತರುವಾಯ, ೧೮೬೦ರಲ್ಲಿ, ಆ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯನಾಗಿ ಬಂದವನು ಬೆಂಜಮಿನ್ ಲೂಯಿ ರೈಸ್. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, ಮರಳಿ ಹುಟ್ಟೂರಿಗೆ ಬಂದ ಈತನಿಗೆ ಆಗ ಇಪ್ಪತ್ತಮೂರು ವರ್ಷ. ಐದು ವರ್ಷಗಳ ಅನಂತರ ಈತನು ಮೈಸೂರು ಕೊಡಗುಗಳ ಶಾಲೆಗಳಿಗೆ ಇನ್‌ಸ್ಪೆಕ್ಟರಾಗಿ ನೇಮಕಗೊಂಡನು. ಪಟ್ಟಣದ ಹೈಸ್ಕೂಲಿನ ಮೆಟ್ಟಿಲಿಳಿದು ಹಳ್ಳಿಹಳ್ಳಿಗಳನ್ನು ಸುತ್ತಿದಾಗ, ಆರಿಸಿದ ಹುಡುಗರಿಗೆ ಪಾಠ ಹೇಳುವುದಕ್ಕೂ, ಆಯ್ಕೆಗೆ ಬರುವಂತೆ ಹುಡುಗರನ್ನು ಸಿದ್ಧಪಡಿಸುವುದಕ್ಕೂ ಇರುವ ಅಂತರವು ಈತನಿಗೆ ಗೋಚರಿಸಿರಬೇಕು. ೧೮೬೮ರಲ್ಲಿ ಈತನು ಹೋಬಳಿಗೊಂದು ಸರ್ಕಾರೀ ಶಾಲೆಯನ್ನು ತೆರೆಯಬೇಕೆಂಬ ಯೋಜನೆಯನ್ನು ಮುಂದಿಟ್ಟನು. ಸಂಸ್ಥಾನದ ಹೋಬಳಿ ಶಾಲೆಗಳ ಮೂಲವು ಇದೇ. ಬೆಂಗಳೂರು ಹೈಸ್ಕೂಲು ಶಿಖರವಾದರೆ ಹೋಬಳಿ ಶಾಲೆ ಅದರ ಅಡಿಪಾಯ. ಅಡಿಪಾಯವಿಲ್ಲದ ಶಿಖರವನ್ನು ಯಾವ ಶಿಲ್ಪಿಯೂ ಕಟ್ಟನು.

ಇನ್ನು ಅಧಿಕಾರಿಯ ವಿಚಾರ. ಈ ಶಾಲೆಗೆ ಸೇರತಕ್ಕವನು ಯಾರು? ಕಟ್ಟಳೆಯಲ್ಲಿ ಜಾತಿಯ ಮಾತಾಗಲಿ ಊರಿನ ಮಾತಾಗಲಿ ಇರಲಿಲ್ಲ, ಇದ್ದುದು ಪರೀಕ್ಷೆ. ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್, ಅದರ ಮೇಲೆ ಎಫ್.ಎ., ಅದರ ಮೇಲೆ ಬಿ.ಎ., ಹೀಗೆ ಒಂದರ ಮೇಲೊಂದು ಜರಡಿ. ಆದರೆ ಲಿಖಿತವಾದ ಈ ಜರಡಿಗಿಂತ ಸೂಕ್ಷ್ಮವಾದ ಅಲಿಖಿತ ಜರಡಿಗಳು ಇನ್ನೂ ಎರಡಿದ್ದುವು. ದೂರವು ಮೊದಲನೆಯದು, ಅನ್ನವು ಎರಡನೆಯದು.

ದೂರವೆಷ್ಟೆಂಬುದನ್ನು ಕಡೂರು ಸೀಮೆಯಿಂದಲೇ ಅಳೆಯಬಹುದು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ೧೮೬೫ರಲ್ಲಿ ಜಿಲ್ಲೆಯ ಮುಖ್ಯ ಕಚೇರಿ ಕಡೂರಿನಿಂದ ಚಿಕ್ಕಮಗಳೂರಿಗೆ ಹೋಯಿತಾದರೂ ಹೆಸರು ಬಹುಕಾಲ ಉಳಿಯಿತು. ಕಡೂರಿನಿಂದ ಬೆಂಗಳೂರಿಗೆ ಸುಮಾರು ೨೦೦ ಕಿಲೋಮೀಟರು. ರೈಲು ಬರುವುದಕ್ಕೆ ಮುಂಚೆ ಎತ್ತಿನ ಗಾಡಿಯಲ್ಲಿ ಅರಸೀಕೆರೆ, ತಿಪಟೂರು, ತುಮಕೂರುಗಳ ಮೇಲೆ ಹೋಗಬೇಕಾಗಿದ್ದ ಆ ಪ್ರಯಾಣವು ಹಲವು ದಿನಗಳದು. ೧೮೮೯ರಲ್ಲಿ ಬೆಂಗಳೂರು ಹರಿಹರಗಳ ನಡುವೆ ರೈಲುಮಾರ್ಗ ಪೂರ್ಣವಾಯಿತು. ಕಡೂರು, ಬೀರೂರು, ಅಜ್ಜಂಪುರಗಳು ಆ ಮಾರ್ಗದ ನಿಲ್ದಾಣಗಳಾದುವು. ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲುಮಾರ್ಗ ಹೊರಟಾಗ ತರೀಕೆರೆಗೂ ಆ ಭಾಗ್ಯ ಒದಗಿತು. ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಶಾಲೆಯ ಕಟ್ಟಡಗಳನ್ನು ಲೆಕ್ಕಿಸುವಂತೆಯೇ ರೈಲುಮಾರ್ಗಗಳನ್ನೂ ಲೆಕ್ಕಿಸಬೇಕು. ಕಂಬಿ ಹಾಸಿದ ಊರಿನ ಹುಡುಗನಿಗೆ ಬೆಂಗಳೂರು ಒಂದು ಹಗಲಿನ ಮಾತಾಯಿತು. ಘಟ್ಟದ ಮರೆಯ ಹಳ್ಳಿಯ ಹುಡುಗನಿಗೆ ಅದು ಕಾಶಿಯಷ್ಟೇ ದೂರವಾಗಿ ಉಳಿಯಿತು.

ಅನ್ನದ ಜರಡಿ ಇದಕ್ಕಿಂತ ಕಠಿನ. ಬೆಂಗಳೂರಿಗೆ ಹೋದ ಬಡ ಹುಡುಗನು ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು? ಕೆಲವರು ವಾರಾನ್ನ ಮಾಡಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಕೆಲವರು ಅನುಕೂಲಸ್ಥರ ಮಕ್ಕಳಿಗೆ ಮನೆಪಾಠ ಹೇಳಿದರು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದುದು ಹೀಗೆಯೇ. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ, ಅಲ್ಲಿಯೇ ಆಶ್ರಯ ಪಡೆದು, ಅವರು ೧೮೮೧ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಚಾರ್ಲ್ಸ್ ವಾಟರ್ಸ್ ಆಗ ಕಾಲೇಜಿನ ಪ್ರಿನ್ಸಿಪಾಲ್. ಗಣಿತದಲ್ಲಿ ಈ ವಿದ್ಯಾರ್ಥಿಗಿದ್ದ ಶಕ್ತಿಯನ್ನು ಆತನು ಮೆಚ್ಚಿಕೊಂಡನು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದ ವಿಶ್ವೇಶ್ವರಯ್ಯನವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಲು ಸಾಧ್ಯವಾಯಿತು. ಆ ವೇತನವಿಲ್ಲದಿದ್ದರೆ ಮುಂದಿನ ಕಥೆಯೆಲ್ಲವೂ ಇಲ್ಲ.

ವಾರಾನ್ನವೆಂಬುದು ಕೆಲವು ಜಾತಿಗಳವರಿಗೆ ಮಾತ್ರ ತೆರೆದಿದ್ದ ಬಾಗಿಲೆಂಬುದನ್ನೂ ಇಲ್ಲಿ ಹೇಳದೆ ಇರಲಾಗದು. ಒಕ್ಕಲಿಗರ, ಕುರುಬರ, ಹೊಲೆಮಾದಿಗರ ಮಕ್ಕಳಿಗೆ ಪೇಟೆಯ ಯಾವ ಮನೆಯೂ ಎಲೆ ಹಾಕುತ್ತಿರಲಿಲ್ಲ. ೧೯೦೬ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಸ್ಥಾಪಿತವಾಯಿತು. ಇಂತಹ ಸಂಘಗಳೂ ಮಠಗಳೂ ದಾನಿಗಳೂ ಕಟ್ಟಿಸಿದ ವಿದ್ಯಾರ್ಥಿನಿಲಯಗಳು ಈ ಕೊರತೆಯನ್ನು ಅಲ್ಪಸ್ವಲ್ಪವಾಗಿ ತುಂಬಿದುವು. ೧೯೧೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಸರ್ ಲೆಸ್ಲಿ ಮಿಲ್ಲರನ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಹಿಂದುಳಿದ ಪಂಗಡಗಳವರಿಗೆ ಸರ್ಕಾರದ ಕೆಲಸಗಳಲ್ಲಿ ಸ್ಥಾನವೂ, ವಿದ್ಯೆಯಲ್ಲಿ ನೆರವೂ ದೊರೆಯಬೇಕೆಂದು ಆ ಸಮಿತಿ ಅಭಿಪ್ರಾಯಪಟ್ಟಿತು. ಪರೀಕ್ಷೆಯೊಂದೇ ಯೋಗ್ಯತೆಯ ಅಳತೆಯೆಂದು ನಂಬಿದ್ದವರಿಗೆ ಆ ಅಭಿಪ್ರಾಯವು ಅಂದು ರುಚಿಸಲಿಲ್ಲ. ಆದರೆ ಪರೀಕ್ಷೆಯ ಕೊಠಡಿಯವರೆಗೆ ಬರುವುದಕ್ಕೇ ದಾರಿಯಿಲ್ಲದವನ ಯೋಗ್ಯತೆಯನ್ನು ಪರೀಕ್ಷೆಯು ಹೇಗೆ ಅಳೆದೀತು?

ಎರಡನೆಯದು ವಿಷಯ. ೧೮೭೫ರಲ್ಲಿ ಬೆಂಗಳೂರು ಹೈಸ್ಕೂಲು ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆಯಿತು. ಆರಂಭದಲ್ಲಿ ಅಲ್ಲಿ ಇಂಗ್ಲಿಷ್ ಸಾಹಿತ್ಯ, ಗಣಿತ, ಚರಿತ್ರೆ, ದೇಶಭಾಷೆ, ಪ್ರಕೃತಿಶಾಸ್ತ್ರಗಳೆಲ್ಲವೂ ನಡೆಯುತ್ತಿದ್ದುವು. ಹೊಸೂರಿನ ಕಡೆಯಿಂದ ಬಂದು ೧೮೯೦ರ ದಶಕದಲ್ಲಿ ಇಲ್ಲಿ ಓದಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ವಿಜ್ಞಾನಿಯಾಗದೆ ವಕೀಲರೂ ರಾಜನೀತಿಜ್ಞರೂ ಆದರು. ಸಂಸ್ಥೆಗೆ ವಿಜ್ಞಾನದ ಮುದ್ರೆ ಪೂರ್ಣವಾಗಿ ಬಿದ್ದುದು ೧೯೧೬ರಲ್ಲಿ. ಆ ವರ್ಷದ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಕುಲಾಧಿಪತಿಗಳು, ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು, ವಿಶ್ವೇಶ್ವರಯ್ಯನವರು ಆಗ ದಿವಾನರು. ಮೂವತ್ತೈದು ವರ್ಷಗಳ ಹಿಂದೆ ಮನೆಪಾಠ ಹೇಳಿ ಹೊಟ್ಟೆ ಹೊರೆದ ವಿದ್ಯಾರ್ಥಿಯೇ ತಾನು ಓದಿದ ಶಾಲೆಯನ್ನು ವಿಶ್ವವಿದ್ಯಾನಿಲಯದ ಅಂಗವನ್ನಾಗಿ ಮಾಡಿದಂತಾಯಿತು. ಕಲಾವಿಷಯಗಳು ಮೈಸೂರಿನ ಮಹಾರಾಜಾ ಕಾಲೇಜಿಗೆ, ವಿಜ್ಞಾನವು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಎಂದು ವಿಭಾಗವಾಯಿತು. ಅಂದಿನಿಂದ ಸಂಸ್ಥಾನದ ಯಾವ ಮೂಲೆಯ ಹುಡುಗನಾದರೂ ಬಿ.ಎಸ್ಸಿ. ಓದಬೇಕಾದರೆ ಈ ಕಲ್ಲುಕಟ್ಟಡದ ದಾರಿಯನ್ನು ಹಿಡಿಯತೊಡಗಿದನು.

ಪಾಠದ ಕ್ರಮದಲ್ಲಿಯೂ ಇದರಿಂದ ಮಾರ್ಪಾಟಾಯಿತು. ಪಾಠಶಾಲೆಯ ಶಾಸ್ತ್ರಾಭ್ಯಾಸದಲ್ಲಿ ಗುರುವಾಕ್ಯವೂ ಗ್ರಂಥವೂ ಪ್ರಮಾಣ. ಶಿಷ್ಯನು ಕೇಳಿ, ಧರಿಸಿ, ವಾದಮಾಡಿ ನಿರ್ಣಯಕ್ಕೆ ಬರುವನು. ವಿಜ್ಞಾನಶಾಲೆಯಲ್ಲಿ ಪ್ರತ್ಯಕ್ಷಕ್ಕೆ ಅಗ್ರಸ್ಥಾನ. ಉಪಾಧ್ಯಾಯನು ಹೇಳಿದ ನಿಯಮವನ್ನು ವಿದ್ಯಾರ್ಥಿಯು ಪ್ರಯೋಗಶಾಲೆಯಲ್ಲಿ ತನ್ನ ಕೈಯಿಂದಲೇ ಅಳೆದು, ತೂಗಿ, ಕಾಸಿ, ಕರಗಿಸಿ ಪರೀಕ್ಷಿಸಬೇಕು. ಕಂಡುದನ್ನು ಕಂಡಂತೆ ಪುಸ್ತಕದಲ್ಲಿ ಬರೆದಿಡಬೇಕು. ಅಳತೆಯು ಗ್ರಂಥದೊಡನೆ ಹೊಂದದಿದ್ದರೆ ಅಳತೆಯನ್ನು ತಿದ್ದಿ ಬರೆಯುವುದು ಪಾಪ. ಮತ್ತೊಮ್ಮೆ ಅಳೆಯುವುದೇ ಪ್ರಾಯಶ್ಚಿತ್ತ. ಭೌತವಿಜ್ಞಾನದಲ್ಲಿ ಬಿ. ವೆಂಕಟೇಶಾಚಾರ್ಯರಂತಹವರು ಈ ವ್ರತವನ್ನು ಕಲಿಸಿದರು. ಅವರು ಪಾಠ ಹೇಳುವುದರಲ್ಲಿಯೇ ನಿಲ್ಲದೆ ಬೆಳಕಿನ ರೋಹಿತವನ್ನು ಕುರಿತು ಸ್ವತಂತ್ರವಾದ ಸಂಶೋಧನೆಗಳನ್ನು ನಡೆಸಿದರು. ಗಣಿತದಲ್ಲಿ ಸಿ. ಎನ್. ಶ್ರೀನಿವಾಸಯ್ಯಂಗಾರ್ಯರು ಅಧ್ಯಾಪಕರಾಗಿದ್ದರು, ಭಾರತದ ಪ್ರಾಚೀನ ಗಣಿತದ ಚರಿತ್ರೆಯನ್ನು ಅವರು ಗ್ರಂಥವಾಗಿ ಬರೆದರು.

ಈ ಶಾಲೆಯ ಕೀರ್ತಿಯ ದಿನಗಳಲ್ಲಿ ೧೯೨೮ನೆಯ ಇಸವಿಯ ಮಾರ್ಚಿ ೧೬ ಒಂದು. ಕಲ್ಕತ್ತೆಯಲ್ಲಿ ಅದೇ ವರ್ಷದ ಫೆಬ್ರವರಿ ೨೮ರಂದು ತಾವು ಕಂಡುಹಿಡಿದಿದ್ದ ಬೆಳಕಿನ ಹೊಸ ಪರಿಣಾಮವನ್ನು ಚಂದ್ರಶೇಖರ ವೆಂಕಟರಾಮನ್ನರು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ವಿವರಿಸಿದರು. ಆ ಉಪನ್ಯಾಸಕ್ಕೆ ಸೆಂಟ್ರಲ್ ಕಾಲೇಜು ರಂಗಸ್ಥಳವಾಯಿತು. ಎರಡು ವರ್ಷಗಳ ಅನಂತರ ಅದೇ ಶೋಧನೆಗೆ ನೊಬೆಲ್ ಪಾರಿತೋಷಕ ದೊರೆಯಿತು. ಪ್ರಪಂಚವೆಲ್ಲ ಮುಂದೆ ಕೊಂಡಾಡಿದ ಸಂಗತಿಯನ್ನು ಬೆಂಗಳೂರಿನ ವಿದ್ವತ್ಸಭೆಯು ಮೂರು ವಾರಗಳೊಳಗೆ ಶೋಧಕರ ಬಾಯಿಂದಲೇ ಕೇಳಿತು.

ಮೂರನೆಯದು ಸಂಬಂಧ. ಶಾಲೆಗೂ ಅದನ್ನು ಪೋಷಿಸುವ ನಾಡಿಗೂ ಇರುವ ಸಂಬಂಧವೇನು? ಈ ಪ್ರಶ್ನೆಗೆ ಬೆಂಗಳೂರಿನ ಆ ಸಂಸ್ಥೆಯು ಕೊಟ್ಟ ಉತ್ತರವು ಅದರ ಪದವೀಧರರ ಪಟ್ಟಿಗಿಂತ ದೊಡ್ಡದು.

ಮೊದಲು ರೈಸನನ್ನೇ ನೆನೆಯಬೇಕು. ಶಾಲೆಗಳನ್ನು ನೋಡಲು ಊರೂರು ತಿರುಗುವಾಗ ದೇವಾಲಯಗಳ ಬಳಿಯಲ್ಲಿಯೂ ಕೆರೆಯ ಏರಿಗಳ ಮೇಲೆಯೂ ನಿಂತಿದ್ದ ಶಿಲಾಶಾಸನಗಳು ಆತನ ಕಣ್ಣಿಗೆ ಬಿದ್ದುವು. ಅವುಗಳನ್ನು ಓದಿಸಿ, ಸಂಗ್ರಹಿಸಿ, ಜಿಲ್ಲೆಗೊಂದರಂತೆ ಪ್ರಕಟಿಸಿದ ಮಹಾಗ್ರಂಥಮಾಲೆಯೇ ಎಪಿಗ್ರಾಫಿಯಾ ಕರ್ನಾಟಿಕಾ. ಅದರ ಆರನೆಯ ಸಂಪುಟವು ಕಡೂರು ಜಿಲ್ಲೆಗೆ ಮೀಸಲು, ಅಚ್ಚಾದುದು ೧೯೦೧ರಲ್ಲಿ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ದೇವಾಲಯವಿದೆಯಷ್ಟೆ. ಅಲ್ಲಿಯ ಶಾಸನದ ಪದ್ಯಗಳು ಜನ್ನಕವಿಯವು. ತಲೆತಲಾಂತರದಿಂದ ಅದರ ಪಕ್ಕದಲ್ಲಿ ದನ ಮೇಯಿಸಿದ ಜನರಿಗೆ ಅದು ಬರಿಯ ಬರೆಹದ ಕಲ್ಲಾಗಿದ್ದಿತು. ಹೈಸ್ಕೂಲಿನ ಒಬ್ಬ ಹಳೆಯ ಮುಖ್ಯೋಪಾಧ್ಯಾಯನು ಆರಂಭಿಸಿದ ಕೆಲಸದಿಂದ ಅಂತಹ ಕಲ್ಲುಗಳು ನಾಡಿನ ಚರಿತ್ರೆಗೆ ಸಾಕ್ಷಿಗಳಾದುವು.

ಎರಡನೆಯವನು ಜಾನ್ ಕುಕ್. ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲನಾಗಿದ್ದ ಈತನು ೧೮೯೦ರ ದಶಕದಲ್ಲಿ ಸಂಸ್ಥಾನದ ಹವಾಮಾನ ಇಲಾಖೆಯನ್ನು ಸಂಘಟಿಸಿದನು. ಊರೂರಿನ ಮಳೆಯ ಅಳತೆಗಳು ಬೆಂಗಳೂರಿಗೆ ಬಂದು, ಕ್ರಮಪಟ್ಟು, ವರ್ಷವರ್ಷವೂ ವರದಿಗಳಾಗಿ ಪ್ರಕಟವಾದುವು. ಕಡೂರು ಜಿಲ್ಲೆಗೆ ಈ ಲೆಕ್ಕವು ಎಷ್ಟು ಅಗತ್ಯವಾದುದೆಂಬುದನ್ನು ವಿವರಿಸಬೇಕಾಗಿಲ್ಲ. ಬಾಬಾಬುಡನ್‌ಗಿರಿಯ ಪಶ್ಚಿಮಕ್ಕೆ ಶೃಂಗೇರಿ ಕೊಪ್ಪಗಳಲ್ಲಿ ಹಂಚು ಒಡೆಯುವಂತೆ ಮಳೆ ಸುರಿಯುವ ತಿಂಗಳಿನಲ್ಲಿಯೇ, ಗಿರಿಯ ಪೂರ್ವಕ್ಕೆ ಕಡೂರು ಅಜ್ಜಂಪುರಗಳ ರೈತನು ಬಿತ್ತಿದ ರಾಗಿಯ ಮುಂದೆ ಕುಳಿತು ಆಕಾಶವನ್ನು ನೋಡುತ್ತಿರುವನು. ಒಂದೇ ಜಿಲ್ಲೆಯಲ್ಲಿ ಎರಡು ಪ್ರಪಂಚ. ಇದು ಎಲ್ಲರಿಗೂ ತಿಳಿದಿದ್ದ ವಿಷಯವೇ. ಆದರೆ ಎಷ್ಟು ಅಂಗುಲ ವ್ಯತ್ಯಾಸ, ಯಾವ ತಿಂಗಳಿನಲ್ಲಿ, ಎಷ್ಟು ವರ್ಷಗಳಿಗೊಮ್ಮೆ ಕ್ಷಾಮ ಎಂಬುದು ಮಳೆಮಾಪಕವಿಲ್ಲದೆ ತಿಳಿಯುವಂತಹುದಲ್ಲ. ಕೆರೆ ಕಟ್ಟಬೇಕಾದವನಿಗೂ ಕಂದಾಯ ಬಿಡಬೇಕಾದವನಿಗೂ ಆ ಅಂಕೆಗಳೇ ಆಧಾರ.

ಮೂರನೆಯವರು ಬೆಳ್ಳಾವೆ ವೆಂಕಟನಾರಣಪ್ಪನವರು. ತುಮಕೂರು ಸೀಮೆಯ ಬೆಳ್ಳಾವೆಯಿಂದ ಬಂದ ಇವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ ಶಾಸ್ತ್ರವು ತಮ್ಮ ಊರಿನವರಿಗೆ ಮುಟ್ಟದೆಂಬುದನ್ನು ಇವರು ಕಂಡುಕೊಂಡರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ವಿಜ್ಞಾನಕ್ಕೆಂದೇ ಮೀಸಲಾದ ಪತ್ರಿಕೆಗಳಲ್ಲಿ ಇದು ಮೊದಲನೆಯದೆಂದು ಪ್ರಸಿದ್ಧಿ. ಪಾರಿಭಾಷಿಕ ಶಬ್ದಗಳಿಲ್ಲದ ಭಾಷೆಯಲ್ಲಿ ಶಬ್ದಗಳನ್ನು ಸೃಷ್ಟಿಸಿಕೊಂಡೇ ಲೇಖನಗಳನ್ನು ಬರೆಯಬೇಕಾಗಿದ್ದ ಕಾಲ ಅದು. ಚಂದಾದಾರರ ಕೊರತೆ ಎಲ್ಲ ಕನ್ನಡ ಪತ್ರಿಕೆಗಳಿಗೂ ಇದ್ದ ವ್ಯಾಧಿಯೇ ಆದುದರಿಂದ ಪತ್ರಿಕೆ ಎರಡು ವರ್ಷಗಳಿಗಿಂತ ಹೆಚ್ಚು ಬಾಳಲಿಲ್ಲ. ವೆಂಕಟನಾರಣಪ್ಪನವರು ಮಾತ್ರ ಕುಂದಲಿಲ್ಲ. ಸಾಹಿತ್ಯ ಪರಿಷತ್ತಿಗಾಗಿ ದುಡಿದರು. ೧೯೩೧ರಲ್ಲಿ ಪ್ರಕಟವಾದ ಪಂಪಭಾರತದ ಸಂಪಾದನೆಯಲ್ಲಿ ಶ್ರಮಿಸಿದರು. ‘ಜೀವವಿಜ್ಞಾನ’ವೆಂಬ ಗ್ರಂಥವನ್ನು ಬರೆದರು. ೧೯೩೭ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನವು ಇವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಭೌತವಿಜ್ಞಾನದ ಅಧ್ಯಾಪಕನೊಬ್ಬನು ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷನಾಗುವುದು ಸಾಮಾನ್ಯವಾದ ಗೌರವವಲ್ಲ.

ಇದೇ ವಿಜ್ಞಾನಶಾಲೆಯಲ್ಲಿಯೇ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ, ೧೯೧೯ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು. ಹೊಸಗನ್ನಡ ಸಾಹಿತ್ಯದ ಅರುಣೋದಯವು ಪ್ರಯೋಗಶಾಲೆಗಳ ಅಂಗಳದಲ್ಲಿ ಆಯಿತೆಂದರೆ ಅತ್ಯುಕ್ತಿಯಾಗದು. ವಿಜ್ಞಾನವಿದ್ಯಾರ್ಥಿಗೆ ಕನ್ನಡವೇಕೆ ಎಂದು ಕೇಳುವವರಿಗೆ, ಮುಂದೆ ಅಲ್ಲಿ ಸಸ್ಯಶಾಸ್ತ್ರ ಓದಿದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗ್ರಂಥವನ್ನು ತೋರಿಸಿದರೆ ಸಾಕು. ಕಾಡುಗಿಡಗಳನ್ನು ಕುರಿತ ಆ ಶಾಸ್ತ್ರಗ್ರಂಥವನ್ನು ಜನರು ಕಥೆಯಂತೆ ಓದಿದರು.

ನಾಲ್ಕನೆಯದು ಪ್ರಯೋಜನ. ಪದವೀಧರರನ್ನು ಎಣಿಸಿ ಪ್ರಯೋಜನವನ್ನು ಹೇಳುವುದು ರೂಢಿ. ಆ ಲೆಕ್ಕದಲ್ಲಿಯೂ ಸೆಂಟ್ರಲ್ ಕಾಲೇಜು ಬಡವಲ್ಲ. ಅಲ್ಲಿ ಓದಿದವರಲ್ಲಿ ರಾಜಗೋಪಾಲಾಚಾರ್ಯರಿಗೆ ೧೯೫೪ರಲ್ಲಿಯೂ, ವಿಶ್ವೇಶ್ವರಯ್ಯನವರಿಗೆ ೧೯೫೫ರಲ್ಲಿಯೂ, ೧೯೫೧ರಲ್ಲಿ ಬಿ.ಎಸ್ಸಿ. ಮುಗಿಸಿದ ರಸಾಯನಶಾಸ್ತ್ರಜ್ಞ ಸಿ. ಎನ್. ಆರ್. ರಾಯರಿಗೆ ೨೦೧೪ರಲ್ಲಿಯೂ ಭಾರತರತ್ನ ಪ್ರಶಸ್ತಿ ಸಂದಿತು. ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಅಲ್ಲಿ ಗಣಿತವನ್ನು ಓದಿ, ಭಾರತೀಯ ವಿಜ್ಞಾನ ಮಂದಿರಕ್ಕೆ ಸೇರಿ, ಸೂಕ್ಷ್ಮತರಂಗಗಳ ವಿಷಯದಲ್ಲಿ ಪ್ರಖ್ಯಾತರಾದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರೆಂದು ಅವರಿಗೆ ಹೆಸರು.

ಆದರೆ ಒಬ್ಬ ವಿದ್ಯಾರ್ಥಿಯ ವೃತ್ತಾಂತವು ಪ್ರಯೋಜನದ ಪ್ರಶ್ನೆಯನ್ನು ಇನ್ನೊಂದು ಬಗೆಯಿಂದ ಮುಂದಿಡುತ್ತದೆ. ಗೌರಿಬಿದನೂರಿನ ಸೀಮೆಯ ಬಡ ಕುಟುಂಬದ ಎಚ್. ನರಸಿಂಹಯ್ಯನವರು ೧೯೩೫ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಹೈಸ್ಕೂಲು ಓದಬೇಕೆಂದು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಬಸ್ಸಿನ ದುಡ್ಡು ಇರಲಿಲ್ಲ. ಎರಡು ದಿನ ನಡೆದು ಬಂದ ಈ ಹುಡುಗನಿಗೆ ನ್ಯಾಷನಲ್ ಹೈಸ್ಕೂಲು ಆಶ್ರಯ ಕೊಟ್ಟಿತು. ತರುವಾಯ ಅವರು ಸೆಂಟ್ರಲ್ ಕಾಲೇ­ಜಿನಲ್ಲಿ ಭೌತವಿಜ್ಞಾನವನ್ನು ಓದಿದರು, ಅಮೆರಿಕೆಯಲ್ಲಿ ಡಾಕ್ಟರ್ ಪದವಿಯನ್ನು ಪಡೆದರು, ೧೯೬೨ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಸೆಂಟ್ರಲ್ ಕಾಲೇಜು ಅದರಲ್ಲಿ ಸೇರಿಹೋಗಿದ್ದಿತು. ೧೯೭೨ರಿಂದ ೧೯೭೭ರವರೆಗೆ ಅದರ ಕುಲಪತಿಯಾಗಿದ್ದವರು ಈ ನರಸಿಂಹಯ್ಯನವರೇ. ೨೦೧೭ರಲ್ಲಿ ಆ ವಿಶ್ವವಿದ್ಯಾನಿಲಯವು ವಿಭಾಗವಾದಾಗ ಹಳೆಯ ಕಾಲೇಜಿನ ಆವರಣವು ಹೊಸ ವಿಶ್ವವಿದ್ಯಾನಿಲಯವೊಂದಕ್ಕೆ ಕೇಂದ್ರವಾಯಿತು. ಹತ್ತನೆಯ ವಯಸ್ಸಿನಲ್ಲಿ ಯಾರಾದರೂ ಈ ಹುಡುಗನನ್ನು ಎರಡು ಗಂಟೆಯ ಪರೀಕ್ಷೆಗೆ ಕೂರಿಸಿ ಅಳೆದಿದ್ದರೆ ಫಲವೇನಾಗುತ್ತಿದ್ದಿತೆಂದು ಹೇಳಬಲ್ಲವರಿಲ್ಲ.

ಈ ಮಾತಿಗೆ ಇಂದು ವಿಶೇಷವಾದ ಅರ್ಥವಿದೆ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯು ಜಿಲ್ಲೆಗೊಂದು ಆಯ್ಕೆಯ ವಸತಿಶಾಲೆ ಇರಬೇಕೆಂದು ವಿಧಿಸಿತು. ಅದರ ಹಿಂದಿನ ವರ್ಷವೇ ಹರಿಯಾಣದ ಝಜ್ಜರ್, ಮಹಾರಾಷ್ಟ್ರದ ಅಮರಾವತಿಗಳಲ್ಲಿ ಪ್ರಯೋಗರೂಪವಾಗಿ ಎರಡು ಶಾಲೆಗಳು ಆರಂಭವಾಗಿದ್ದುವು. ಇವೇ ನವೋದಯ ವಿದ್ಯಾಲಯಗಳು. ಚಿಕ್ಕಮಗಳೂರು ಜಿಲ್ಲೆಯ ನವೋದಯವು ಬಾಳೆಹೊನ್ನೂರಿಗೆ ಸಮೀಪದ ಸೀಗೋಡಿನಲ್ಲಿದೆ. ಕಡೂರು, ತರೀಕೆರೆ, ಇತ್ತೀಚೆಗೆ ತಾಲ್ಲೂಕಾದ ಅಜ್ಜಂಪುರ, ಈ ಬಯಲುಸೀಮೆಯ ಮಕ್ಕಳೂ ಗಿರಿಯನ್ನು ದಾಟಿ ಮಲೆನಾಡಿನ ಆ ಶಾಲೆಗೆ ಹೋಗುತ್ತಾರೆ.

ಬೆಂಗಳೂರು ಹೈಸ್ಕೂಲಿನ ಕಾಲದ ಎರಡು ಅಲಿಖಿತ ಜರಡಿಗಳನ್ನು ನವೋದಯವು ತೆಗೆದುಹಾಕಿದೆಯೆಂಬುದನ್ನು ಒಪ್ಪಲೇಬೇಕು. ಊಟ, ವಸತಿ, ಬಟ್ಟೆ, ಪುಸ್ತಕಗಳೆಲ್ಲವನ್ನೂ ಶಾಲೆಯೇ ಒದಗಿಸುತ್ತದೆ; ವಾರಾನ್ನದ ಮಾತಿಲ್ಲ. ನಾಲ್ಕರಲ್ಲಿ ಮೂರು ಪಾಲಿಗೆ ಕಡಮೆಯಿಲ್ಲದಂತೆ ಗ್ರಾಮಾಂತರದ ಮಕ್ಕಳಿಗೂ, ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೂ ಸ್ಥಾನ ಮೀಸಲು. ಪರಿಶಿಷ್ಟ ಜಾತಿ ವರ್ಗಗಳಿಗೂ ಮೀಸಲುಂಟು. ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಒಂಬತ್ತನೆಯ ತರಗತಿಯಲ್ಲಿ ಕೆಲವರು ವಿದ್ಯಾರ್ಥಿಗಳು ಹಿಂದೀ ಸೀಮೆಯ ಶಾಲೆಗೆ ಹೋಗಿ ಒಂದು ವರ್ಷ ಓದುತ್ತಾರೆ. ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ದೇಶವನ್ನು ಭೂಪಟದಲ್ಲಿ ಮಾತ್ರ ಕಂಡಿದ್ದ ಹಳ್ಳಿಯ ಮಗುವಿಗೆ ಇದು ಸಣ್ಣ ಲಾಭವಲ್ಲ.

ಹಾಗಾದರೂ ಲಿಖಿತವಾದ ಜರಡಿ ಉಳಿದೇ ಇದೆ. ಹಿಂದಿಗಿಂತ ಬಿಗಿಯಾಗಿಯೂ ಇದೆ. ಐದನೆಯ ತರಗತಿಯ ಮಗು, ಎರಡು ಗಂಟೆಗಳ ಅವಧಿಯಲ್ಲಿ, ಬುದ್ಧಿಶಕ್ತಿ, ಅಂಕಗಣಿತ, ಭಾಷೆ ಎಂಬ ಮೂರು ಭಾಗಗಳ ೮೦ ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕು. ಆರನೆಯ ತರಗತಿಗೆ ಒಂದು ಶಾಲೆಯಲ್ಲಿ ದೊರೆಯುವ ಸ್ಥಾನಗಳು ಹೆಚ್ಚೆಂದರೆ ೮೦. ಆ ಪರೀಕ್ಷೆಗೆ ಒಂದು ಮಗುವಿಗೆ ಒಂದೇ ಅವಕಾಶ; ಎರಡನೆಯ ಸಲ ಬರೆಯುವಂತಿಲ್ಲ. ಮೇಲಿನ ತರಗತಿಗಳಲ್ಲಿ ತೆರವಾದ ಕೆಲವು ಸ್ಥಾನಗಳಿಗೆ ಬೇರೆ ಆಯ್ಕೆ ಇದ್ದರೂ ಅವುಗಳ ಸಂಖ್ಯೆ ಸ್ವಲ್ಪ.

ನ್ಯಾಯಗಳಲ್ಲಿ ಸ್ಥಾಲೀಪುಲಾಕನ್ಯಾಯವೆಂಬುದೊಂದಿದೆ. ಪಾತ್ರೆಯ ಒಂದು ಅಗುಳನ್ನು ಹಿಸುಕಿ ನೋಡಿ ಅನ್ನವೆಲ್ಲ ಬೆಂದಿದೆಯೇ ಇಲ್ಲವೇ ಎಂಬುದನ್ನು ತಿಳಿಯುವ ಕ್ರಮ ಅದು. ಎರಡು ಗಂಟೆಯ ಉತ್ತರದಿಂದ ಮಗುವಿನ ಸಮಸ್ತ ಶಕ್ತಿಯನ್ನು ಊಹಿಸುವುದೂ ಇದೇ ನ್ಯಾಯದ ಪ್ರಯೋಗ. ಆದರೆ ಈ ನ್ಯಾಯವು ಪ್ರಮಾಣವಾಗುವುದಕ್ಕೆ ಒಂದು ನಿಯಮವಿದೆ: ಅಗುಳುಗಳೆಲ್ಲವೂ ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರಬೇಕು. ಉಪಾಧ್ಯಾಯರು ನಾಲ್ವರಿರುವ ಪೇಟೆಯ ಶಾಲೆಯ ಮಗುವೂ, ಒಬ್ಬರೇ ಉಪಾಧ್ಯಾಯರು ಐದು ತರಗತಿಗಳನ್ನು ನೋಡಿಕೊಳ್ಳುವ ಶಾಲೆಯ ಮಗುವೂ ಒಂದೇ ಪಾತ್ರೆಯ ಅಗುಳುಗಳಲ್ಲ. ಮನೆಯಲ್ಲಿ ಪರೀಕ್ಷೆಗೆಂದು ಪ್ರತ್ಯೇಕ ಪಾಠ ಹೇಳಿಸಿಕೊಂಡವನೂ, ಶಾಲೆಯಿಂದ ಬಂದೊಡನೆ ಕುರಿ ಹೊಡೆದುಕೊಂಡು ಹೋಗುವವನೂ ಒಂದೇ ಉರಿಯಲ್ಲಿ ಬೆಂದವರಲ್ಲ. ಬೇಯದ ಅಗುಳಿನ ದೋಷವು ಅಗುಳಿನದಲ್ಲ, ಒಲೆಯದು.

ಆದುದರಿಂದ ಆಯ್ಕೆಯ ಶಾಲೆಗಳೇ ಬೇಡವೆಂದು ಹೇಳುವುದು ಸರಿಯೇ? ಸರಿಯಲ್ಲ. ಸೆಂಟ್ರಲ್ ಕಾಲೇಜು ಇಲ್ಲದಿದ್ದರೆ ನಾಡಿಗೆ ಆದ ಲಾಭಗಳನ್ನು ಮೇಲೆ ಹೇಳಿದೆ. ಆ ಲಾಭಗಳ ಸ್ವರೂಪವನ್ನು ಮಾತ್ರ ಗಮನಿಸಬೇಕು. ರೈಸನ ಹೋಬಳಿ ಶಾಲೆಯೂ, ಕುಕ್ಕನ ಮಳೆಯ ಲೆಕ್ಕವೂ, ವೆಂಕಟನಾರಣಪ್ಪನವರ ಪತ್ರಿಕೆಯೂ ಆ ಶಾಲೆಯ ಬಾಗಿಲನ್ನು ಎಂದೂ ಕಾಣದವರಿಗಾಗಿ ಹುಟ್ಟಿದುವು. ಆರಿಸಲ್ಪಡದವರಿಗೆ ಏನು ಸಂದಿತೆಂಬುದರಿಂದಲೇ ಆಯ್ಕೆಯ ಶಾಲೆಯ ಪ್ರಯೋಜನವು ನಿರ್ಣಯವಾಗತಕ್ಕುದು.

ನವೋದಯ ವಿದ್ಯಾಲಯಗಳ ಉದ್ದೇಶಗಳಲ್ಲಿಯೇ ಈ ಮಾತು ಬರೆದಿದೆ. ತಮ್ಮ ಅನುಭವವನ್ನೂ ಸೌಕರ್ಯಗಳನ್ನೂ ಸುತ್ತಲಿನ ಶಾಲೆಗಳೊಡನೆ ಹಂಚಿಕೊಂಡು, ಜಿಲ್ಲೆಯ ಶಿಕ್ಷಣವೆಲ್ಲವೂ ಉತ್ತಮಗೊಳ್ಳುವುದಕ್ಕೆ ಅವು ಕೇಂದ್ರಗಳಾಗಬೇಕೆಂಬುದು ಅಲ್ಲಿಯ ಸಂಕಲ್ಪ. ಸಂಕಲ್ಪವನ್ನು ಕಾರ್ಯಕ್ಕೆ ತರುವ ಮಾರ್ಗವು ಕಷ್ಟವಾದುದೇನೂ ಅಲ್ಲ. ಬೇಸಿಗೆಯ ರಜೆಯಲ್ಲಿ ಪ್ರಯೋಗಶಾಲೆಗೆ ಬೀಗ ಹಾಕುವುದಕ್ಕೆ ಬದಲಾಗಿ ಅಜ್ಜಂಪುರದ, ತರೀಕೆರೆಯ, ಕಡೂರಿನ ಸರ್ಕಾರೀ ಹೈಸ್ಕೂಲುಗಳ ಮಕ್ಕಳನ್ನೂ ಉಪಾಧ್ಯಾಯರನ್ನೂ ಒಂದು ವಾರ ಅಲ್ಲಿ ಇರಿಸಿಕೊಳ್ಳಬಹುದು. ರಜೆಗೆ ಊರಿಗೆ ಬಂದ ನವೋದಯದ ಹುಡುಗಿಯು ತಾನು ಕಲಿತ ಶಾಲೆಯ ಮಕ್ಕಳಿಗೆ ಮಸೂರದಿಂದ ಸೂರ್ಯನ ಬಿಂಬವನ್ನು ಕಾಗದದ ಮೇಲೆ ಹಿಡಿದು ತೋರಿಸಬಹುದು. ಎರಡು ವರ್ಷಕ್ಕೆ ನಿಂತ ‘ವಿಜ್ಞಾನ’ದ ಕೆಲಸವನ್ನು ೧೯೭೮ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆಯು ಮತ್ತೆ ಕೈಗೊಂಡಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನಡೆಸಿತು. ಆ ಪರಂಪರೆಯನ್ನು ಪ್ರತಿ ಹೈಸ್ಕೂಲಿನ ಪುಸ್ತಕಭಂಡಾರವೂ ಉಳಿಸಿಕೊಳ್ಳಬಹುದು. ಶಾಲೆಗೊಂದು ಮಳೆಮಾಪಕವನ್ನಿಟ್ಟು ಮಕ್ಕಳ ಕೈಯಿಂದಲೇ ದಿನದಿನದ ಮಳೆಯನ್ನು ಬರೆಸಿದರೆ, ಕಡೂರಿನ ಮಕ್ಕಳು ಬರವನ್ನು ಕುರಿತು ಮಾಡುವ ಮೊದಲ ವಿಜ್ಞಾನದ ಪಾಠ ಅದೇ ಆದೀತು.

ಅಳತೆಯನ್ನು ಸುಳ್ಳು ಮಾಡದೆ ಬರೆಯಲು ಕಲಿತ ಮಗುವು ನವೋದಯಕ್ಕೆ ಆರಿಸಲ್ಪಟ್ಟಿತೇ ಇಲ್ಲವೇ ಎಂಬುದು ಆಮೇಲಿನ ಮಾತು. ವಿಜ್ಞಾನದ ಅಧಿಕಾರವು ಅದಕ್ಕೆ ಆಗಲೇ ಸಿದ್ಧಿಸಿರುತ್ತದೆ.